ಹಿಂದೆ ಯಾರೂ ಕೂರದ ವಿಮಾನ

ನನ್ನ ಮೊದಲ ಲಾಗ್‌ಬುಕ್ಕಿನಲ್ಲಿ ಒಂದು ಸಾಲಿದೆ: ಸರ್ಕ್ಯೂಟ್, ಲ್ಯಾಂಡಿಂಗ್ ಐದು, ಐವತ್ತು ನಿಮಿಷ. ಸರ್ಕ್ಯೂಟ್ ಎಂದರೆ ನಿಲ್ದಾಣದ ಸುತ್ತ ಒಂದು ಸುತ್ತು ಹಾರಿ ಮತ್ತೆ ಇಳಿಯುವ ಅಭ್ಯಾಸ. ಪಕ್ಕದಲ್ಲಿ ತರಬೇತುದಾರರ ಸಹಿ. ಹಾರಿದ ಪ್ರತಿ ನಿಮಿಷವನ್ನೂ ಪೈಲಟ್ ಬರೆದಿಡಬೇಕಾದ ಪುಸ್ತಕ ಅದು. ಕೆಲಸ ಕೇಳಿಕೊಂಡು ಹೋದರೆ ಮುಖ ನೋಡುವುದಕ್ಕೂ ಮುಂಚೆ ಅದನ್ನು ನೋಡುತ್ತಾರೆ. ಆ ಸಾಲಿನ ಕೈಬರಹ ನನ್ನದೇ, ಅಕ್ಷರಗಳು ದುಂಡಗಿವೆ. ಸಾಲಿನಲ್ಲಿ ಸುಳ್ಳಿಲ್ಲ. ಆ ದಿನ ವಿಮಾನ ಐದು ಸಲ ನೆಲ ಮುಟ್ಟಿತು. ಐದನೆಯ ಸಲ ಮುಟ್ಟಿಸಿದ್ದು ನಾನಲ್ಲ.

ಬೇರೆ ರಾಜ್ಯದ ಒಂದು ತರಬೇತಿ ಶಾಲೆ, ಇಬ್ಬರು ಕೂರುವ ಪುಟ್ಟ ವಿಮಾನ. ಅಡ್ಡಗಾಳಿ ಬೀಸುತ್ತಿತ್ತು. ಎಡದಿಂದ ಎಂದು ನನ್ನ ನೆನಪು, ಆದರೆ ಹಳೆಯ ಡೈರಿಯೊಂದರಲ್ಲಿ ಬಲದಿಂದ ಎಂದು ಬರೆದುಕೊಂಡಿದ್ದೇನೆ, ಅಲ್ಲೂ ಇಷ್ಟೇ ಖಚಿತವಾಗಿ. ರನ್‌ವೇ ಎದುರಿಗಿತ್ತು, ಆಮೇಲೆ ಸ್ವಲ್ಪ ಪಕ್ಕಕ್ಕೆ ಸರಿಯಿತು, ಆಮೇಲೆ ಇನ್ನೂ ಸ್ವಲ್ಪ. ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ಆಗ ಯಾರಾದರೂ ಪರೀಕ್ಷೆಯಲ್ಲಿ ಕೇಳಿದ್ದರೆ ಪೂರ್ತಿ ಅಂಕ ಬರುವ ಹಾಗೆ ಉತ್ತರ ಹೇಳುತ್ತಿದ್ದೆ. ಕೈ ಮಾತ್ರ ಆಡಲಿಲ್ಲ. ಕೈಯೂ ಆಡಲಿಲ್ಲ, ಕಾಲೂ ಆಡಲಿಲ್ಲ. ಹುಲ್ಲು ಮೇಲಕ್ಕೆ ಬರುವುದನ್ನು ಯಾರದೋ ಕಿಟಕಿಯಿಂದ ನೋಡುವವಳ ಹಾಗೆ ನೋಡುತ್ತಿದ್ದೆ. ‘ಬಿಡು’ ಎಂದು ತರಬೇತುದಾರರು ಎರಡು ಸಲ ಕೂಗಿದರಂತೆ. ನನಗೆ ಒಂದು ಸಲವೂ ಕೇಳಿಸಲಿಲ್ಲ. ಮೂರನೆಯ ಸಲ ಅವರು ನನ್ನ ಬೆರಳುಗಳ ಮೇಲೆ ಹೊಡೆದು ಕಂಟ್ರೋಲ್ ಕಿತ್ತುಕೊಂಡರು.

ಇಳಿದ ಮೇಲೆ ಅವರು ಬೈಯಲಿಲ್ಲ. ಟೀ ಕುಡಿದು ಬಂದು ಲಾಗ್‌ಬುಕ್ ಬರೆ, ಎಲ್ಲರಿಗೂ ಒಂದು ಸಲ ಹೀಗಾಗುತ್ತದೆ ಎಂದರು. ಬರೆದೆ. ಹೆದರಿಕೆಗೆ ಅದರಲ್ಲಿ ಕಾಲಂ ಇಲ್ಲ. ಆಮೇಲೆ ಇನ್ನೂ ನೂರಾರು ಲ್ಯಾಂಡಿಂಗ್ ಮಾಡಿದೆ, ಪರೀಕ್ಷೆಗಳನ್ನು ಪಾಸು ಮಾಡಿದೆ, ಲೈಸೆನ್ಸ್ ಬಂತು. ಎಲ್ಲರಿಗೂ ಒಂದು ಸಲ ಎಂದರಲ್ಲ, ನನ್ನದು ಆ ಒಂದು ಸಲವೋ ಅಥವಾ ಮೊದಲನೆಯ ಸಲವೋ ಎಂಬುದು ಮಾತ್ರ ತಿಳಿಯಲಿಲ್ಲ.

ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಚಾಮರಾಜಪೇಟೆಯ ನಮ್ಮ ಮನೆಗೆ ಎರಡು ಕಾಗದಗಳು ಬಂದದ್ದು ಒಂದೇ ವಾರದಲ್ಲಿ. ಎರಡು ಸಾವಿರ ಇಸವಿ ಕಳೆದು ನಾಲ್ಕಾರು ವರ್ಷವಾಗಿತ್ತು, ಊರಾಚೆಯ ಹೊಸ ವಿಮಾನ ನಿಲ್ದಾಣ ಇನ್ನೂ ತೆರೆದಿರಲಿಲ್ಲ, ತಿಂಗಳಿಗೊಂದು ಹೊಸ ವಿಮಾನ ಕಂಪನಿಯ ಹೆಸರು ಕೇಳಿಬರುತ್ತಿತ್ತು. ಮೊದಲ ಕಾಗದ ಸಣ್ಣ ಊರುಗಳಿಗೆ ಹಾರುವ ಕಂಪನಿಯದು: ಎರಡು ಪ್ರೊಪೆಲರ್‌ಗಳ ವಿಮಾನ, ಎಪ್ಪತ್ತರ ಹತ್ತಿರ ಸೀಟು, ಹುಬ್ಬಳ್ಳಿ, ಮಂಗಳೂರು, ಕೊಚ್ಚಿ, ದಿನಕ್ಕೆ ಆರು ಸಲ ಹತ್ತಿ ಆರು ಸಲ ಇಳಿಯುವುದು. ಎರಡನೆಯದು ಸರಕು ಸಾಗಿಸುವ ಕಂಪನಿಯದು: ಸೀಟು ಕಿತ್ತುಹಾಕಿದ ಹಳೆಯ ಜೆಟ್, ಒಳಗೆ ಅಂಚೆ, ಪಾರ್ಸೆಲ್, ಸಿಗಡಿ, ಗುಲಾಬಿ. ಎರಡರಲ್ಲೂ ಕೋ ಪೈಲಟ್ ಕೆಲಸ. ಎರಡಕ್ಕೂ ಸೋಮವಾರದೊಳಗೆ ಉತ್ತರ ಹೇಳಬೇಕಿತ್ತು.

ಅಪ್ಪ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಯಾವುದೋ ಹಳೆಯ ಪ್ರಶ್ನೆಪತ್ರಿಕೆಯ ಹಿಂಬದಿಯಲ್ಲಿ ಸ್ಕೇಲಿಟ್ಟು ಗೆರೆ ಎಳೆದು, ಒಂದು ಕಡೆ ‘ಜನ’ ಎಂದೂ ಇನ್ನೊಂದು ಕಡೆ ‘ಸಾಮಾನು’ ಎಂದೂ ಬರೆದರು.

“ಜನ,” ಎಂದರು ಪೆನ್ಸಿಲ್ ಚೂಪು ಮಾಡುತ್ತಾ. “ಹಗಲು ಕೆಲಸ. ಯೂನಿಫಾರಂ ಹಾಕ್ಕೊಂಡು ಓಡಾಡಿದ್ರೆ ನಾಲ್ಕು ಜನ ತಿರುಗಿ ನೋಡ್ತಾರೆ. ಲ್ಯಾಂಡಿಂಗ್ ಜಾಸ್ತಿ, ಬೇಗ ಪಳಗ್ತೀಯ. ಇನ್ನು ಸಾಮಾನು. ಹೇಳು, ಏನಿದೆ?”

“ಜೆಟ್ಟು ಅಪ್ಪ. ದೊಡ್ಡ ವಿಮಾನ. ಮುಂದೆ ಅನುಕೂಲ ಆಗತ್ತೆ.”

“ಹಳೇ ಜೆಟ್ಟು,” ಎಂದು ತಿದ್ದಿ ಬರೆದರು.

ಅಡುಗೆಮನೆಯಿಂದ ಅಮ್ಮ ಕೂಗಿದಳು: “ಸಿಗಡಿ ಹೊರೋಕೆ ಇಷ್ಟು ಓದ್ಬೇಕಿತ್ತೇನೇ? ಮನೇಲಿ ಈರುಳ್ಳೀನೂ ತರಲ್ಲ ನಾವು. ಬಟ್ಟೆ ವಾಸ್ನೆ ಬರಲ್ವಾ?”

“ಪೈಲಟ್ ಹೊರಲ್ಲಮ್ಮ. ಅದು ಹಿಂದೆ ಇರತ್ತೆ.”

“ಹಿಂದೆ ಇದ್ರೇನು, ಒಂದೇ ಗಾಳಿ ತಾನೇ?”

ಆಗ ಅಪ್ಪ ಪೆನ್ಸಿಲ್ ಕೆಳಗಿಟ್ಟು ಆ ಮಾತು ಹೇಳಿದರು. ಇದೊಂದರ ವಿಷಯದಲ್ಲಿ ನನಗೆ ಅನುಮಾನವಿಲ್ಲ, ಅಕ್ಷರ ಅಕ್ಷರವೂ ನೆನಪಿದೆ.

“ನೀನು ಮೊದಲನೇ ದಿನ ಎಲ್ಲಿಗೆ ಹಾರ್ತೀಯೋ, ಆವತ್ತು ಅದೇ ವಿಮಾನಕ್ಕೆ ನಂದೂ ನಿಮ್ಮಮ್ಮಂದೂ ಟಿಕೆಟ್. ಎಲ್ಲಿಗಾದ್ರೂ ಸರಿ. ಮುಂದಿನ ಸಾಲಲ್ಲೇ ಕೂತ್ಕೋತೀವಿ.”

“ನಿಂಬೆಹಣ್ಣು ಒಳಗಡೆ ಬಿಡ್ತಾರೇನೇ?” ಎಂದಳು ಅಮ್ಮ, ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದು. ಬಸವನಗುಡಿಯ ಗಣಪತಿ ಗುಡಿಯ ಮುಂದೆ ಹೊಸ ಸ್ಕೂಟರ್, ಹೊಸ ಕಾರುಗಳ ಚಕ್ರದಡಿ ನಿಂಬೆಹಣ್ಣಿಟ್ಟು ಪೂಜೆ ಮಾಡಿಸುವುದನ್ನು ಅವಳು ಹುಟ್ಟಿದಂದಿನಿಂದ ನೋಡಿದವಳು. “ಮೂರು ಚಕ್ರಕ್ಕೆ ಮೂರು ಸಾಕು ಅಲ್ವಾ?”

ಅಪ್ಪ ನಕ್ಕರು. ನಾನೂ ನಕ್ಕೆ. ಅವರಿಬ್ಬರೂ ಮುಂದಿನ ಸಾಲಿನಲ್ಲಿ ಬೆಲ್ಟ್ ಹಾಕಿಕೊಂಡು, ಅಮ್ಮ ಮಡಿಲಲ್ಲಿ ಚೀಲ ಇಟ್ಟುಕೊಂಡು ಕೂತಿರುವುದು ಕಾಣಿಸಿತು. ರನ್‌ವೇ ಪಕ್ಕಕ್ಕೆ ಸರಿಯುವುದು ಕಾಣಿಸಿತು. ಸರಕು ವಿಮಾನ ಎಂದು ನಾನು ಮನಸ್ಸಿನಲ್ಲಿ ನಿರ್ಧಾರ ಮಾಡಿದ್ದು ಆ ನಗುವಿನ ಮಧ್ಯದಲ್ಲೇ. ಅದರಲ್ಲಿ ಸೀಟಿಲ್ಲ. ಟಿಕೆಟ್ ಇಲ್ಲ. ಇಡೀ ಲೋಕದಲ್ಲಿ ನನ್ನ ಅಪ್ಪ ಅಮ್ಮ ಹತ್ತಲಾಗದ ವಿಮಾನ ಅದೊಂದೇ.

ಅವರಿಗೆ ಹೇಳಿದ ಕಾರಣ ಮಾತ್ರ ಜೆಟ್ಟು.

ಎರಡು ದಿನ ಇದೇ ವಾದ ನಡೆಯಿತು. ಶನಿವಾರ ನಾನು ಕಾಟನ್‌ಪೇಟೆಯ ಸೋದರಮಾವನ ಹತ್ತಿರ ಹೋದೆ. ಅಮ್ಮನ ಅಣ್ಣ ಅವರು. ಲಾರಿ ಪಾರ್ಸೆಲ್ ಆಫೀಸಿನ ಬುಕಿಂಗ್ ಕೌಂಟರಿನಲ್ಲಿ ಮೂವತ್ತು ವರ್ಷ ಕೂತವರು. ನಾನಾಗಿಯೇ ಹೋದೆನೋ, ‘ಲೋಡು ಅಂದ್ರೇನು ಅಂತ ಅವನನ್ನ ಕೇಳ್ಕೊಂಡು ಬಾ’ ಎಂದು ಅಪ್ಪ ಕಳಿಸಿದರೋ, ಈಗ ಹೇಳಲಾರೆ. ಇಂಟರ್‌ವ್ಯೂಗಳಲ್ಲಿ, ಮದುವೆ ಊಟಗಳಲ್ಲಿ ಈ ಕತೆಯನ್ನು ನಾನು ಹತ್ತಾರು ಸಲ ಹೇಳಿದ್ದೇನೆ. ಹೇಳಿದಾಗಲೆಲ್ಲ ನಾನೇ ಧೈರ್ಯವಾಗಿ ಹೊರಟಿದ್ದೇನೆ. ಹಾಗಾಗಿ ಅಪ್ಪ ಕಳಿಸಿದ್ದೇ ನಿಜವಿರಬೇಕು.

ಮಾವನಿಗೆ ಕಾಗದ ತೋರಿಸಿದಾಗ ಅವರ ಸಂತೋಷ ನೋಡಬೇಕಿತ್ತು. ನಮ್ಮ ಮನೆಯಲ್ಲಿ ಅವರ ಕೆಲಸಕ್ಕೆ ಯಾರೂ ಅಷ್ಟು ಬೆಲೆ ಕೊಟ್ಟವರಲ್ಲ.

“ಬಾರೋ ಇಲ್ಲಿ,” ಎಂದು ಲೋಡರ್‌ಗಳ ಮೇಸ್ತ್ರಿಯನ್ನು ಕರೆದರು. ಐವತ್ತು ದಾಟಿದ, ತಲೆಗೆ ಟವೆಲ್ ಸುತ್ತಿದ ಮನುಷ್ಯ. “ನಮ್ಮ ತಂಗಿ ಮಗಳು. ಆಕಾಶದಲ್ಲಿ ಲಾರಿ ಓಡಿಸ್ತಾಳೆ ಇನ್ಮೇಲೆ. ನಮ್ಮ ಲೈನೇ!”

ಮೇಸ್ತ್ರಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. “ಎಷ್ಟು ಟನ್ ಹಿಡಿಯತ್ತಮ್ಮಾ?”

“ಹದಿನೈದು, ಹದಿನಾರು.”

“ಅಷ್ಟೇನಾ? ನಮ್ ಲಾರೀನೇ ವಾಸಿ.” ಆಮೇಲೆ ಗಂಭೀರನಾಗಿ, “ಲೋಡು ಯಾರು ಕಟ್ತಾರೆ? ನೀವೇ ನಿಂತು ಕಟ್ಟಿಸ್ತೀರಾ?”

“ಇಲ್ಲ. ಅದಕ್ಕೆ ಬೇರೆ ಜನ ಇರ್ತಾರೆ. ಯಾವ ತೂಕ ಎಲ್ಲಿದೆ ಅಂತ ಒಂದು ಹಾಳೆ ಬರತ್ತೆ. ಕ್ಯಾಪ್ಟನ್ ನೋಡಿ ಸೈನ್ ಮಾಡ್ತಾರೆ.”

“ಹಾಳೆ ನೋಡಿನಾ, ಲೋಡ್ ನೋಡಿನಾ?”

ಮಾವ ನನ್ನ ಪರವಾಗಿ, “ಹೇ, ಹಿಂದೆ ಜನ ಇಲ್ವಲ್ಲಯ್ಯಾ. ಬಿದ್ರೆ ಡಬ್ಬ ಬೀಳತ್ತೆ. ಅದಕ್ಕೇ ಅಲ್ವಾ ಇವಳು ಇದನ್ನ ಆರಿಸಿರೋದು, ಜಾಣೆ,” ಎಂದರು.

ಅವರಿಗೆ ನಾನು ಅದನ್ನು ಹೇಳಿರಲೇ ಇಲ್ಲ.

“ಪಕ್ಕದಲ್ಲಿ ಕೂತಿರೋ ಕ್ಯಾಪ್ಟನ್ನು ಜನ ಅಲ್ವಾ ಸಾರ್?” ಎಂದ ಮೇಸ್ತ್ರಿ. “ಮತ್ತೆ ಕೆಳಗಡೆ? ಇವ್ರು ಹೋಗ್ತಾರೆ ಅಂತ ಊರು ಖಾಲಿ ಮಾಡಿಸ್ತಾರಾ?”

ಮಾವ ಹೊಟ್ಟೆ ಹಿಡಿದು ನಕ್ಕರು. ಮೇಸ್ತ್ರಿ ನಗಲಿಲ್ಲ. “ಜನ ಆದ್ರೆ ತಾವೇ ಬೆಲ್ಟ್ ಹಾಕ್ಕೊಂಡು ಕೂತಿರ್ತಾರಮ್ಮಾ. ಡಬ್ಬಕ್ಕೆ ಬುದ್ಧಿ ಇರತ್ತಾ?” ಎಂದು ಹೇಳಿ ಕೆಲಸಕ್ಕೆ ಹೋದ.

ಈ ಮುಂದಿನದನ್ನು ಬರೆಯಲು ನನಗೆ ಹಿಂಜರಿಕೆ, ಏಕೆಂದರೆ ಅದು ಬಹಳ ಸರಿಯಾದ ಹೊತ್ತಿಗೆ ನಡೆಯಿತು. ಮೇಸ್ತ್ರಿಯ ಮಾತಿಗೂ ಅದಕ್ಕೂ ನಡುವೆ ಅರ್ಧ ಗಂಟೆಯಾದರೂ ಇದ್ದಿರಬೇಕು. ಕಾಫಿ ಬಂದಿತ್ತು, ಕುಡಿದಿದ್ದೆವು, ಮಾವ ತಮ್ಮ ಮಂಡಿನೋವಿನ ಬಗ್ಗೆ ಮಾತಾಡಿದ್ದರು. ಆ ಅರ್ಧ ಗಂಟೆಯನ್ನು ನೆನಪು ತಿಂದುಹಾಕಿದೆ.

ಕಾಟನ್‌ಪೇಟೆಯ ಗಲ್ಲಿಗಳಲ್ಲಿ ಸಾಮಾನು ಸಾಗಿಸಲು ಉದ್ದನೆಯ ಕೈಗಾಡಿಗಳಿದ್ದವು. ಎರಡೇ ಚಕ್ರ, ನಡುವೆ ಅಚ್ಚು, ಮುಂದೆ ಚಾಚಿಕೊಂಡ ಮೂಕಿ. ಮೂಕಿಯ ತುದಿಯ ಅಡ್ಡಕೋಲು ಹಿಡಿದು ಒಬ್ಬ ಎಳೆಯುತ್ತಾನೆ. ತೂಕ ಅಚ್ಚಿನ ಮೇಲೆ ಸರಿಯಾಗಿ ಕೂತರೆ ಎಂಟು ಮೂಟೆಯನ್ನೂ ಒಬ್ಬನೇ ಎಳೆಯಬಲ್ಲ. ಪಾರ್ಸೆಲ್ ಆಫೀಸಿನ ಎದುರಿನ ಇಳಿಜಾರನ್ನು ಒಂದು ಗಾಡಿ ಹತ್ತುತ್ತಿತ್ತು. ಮೇಲೆ ಮರದ ಪೆಟ್ಟಿಗೆಗಳು. ಹಗ್ಗ ಸಡಿಲವಾಗಿತ್ತೋ, ಗಂಟು ಬಿಚ್ಚಿತೋ, ಒಂದು ಪೆಟ್ಟಿಗೆ ಹಿಂದಕ್ಕೆ ಜಾರಿತು. ಅದರ ಹಿಂದೆಯೇ ಇನ್ನೊಂದು. ಗಾಡಿಯ ಹಿಂಬದಿ ದಡ್ಡನೆ ನೆಲಕ್ಕೆ ಕುಕ್ಕಿತು, ಮೂಕಿ ಆಕಾಶಕ್ಕೆ ಎದ್ದಿತು. ಎಳೆಯುತ್ತಿದ್ದವನೂ ಅದರ ಜೊತೆ ಎದ್ದ.

ಅಡ್ಡಕೋಲಿಗೆ ನೇತುಬಿದ್ದು, ನೆಲದಿಂದ ಆಳೆತ್ತರದಲ್ಲಿ ಕಾಲು ಬಡಿಯುತ್ತಿದ್ದ. ಗಲ್ಲಿಯೆಲ್ಲ ನಕ್ಕಿತು.

“ಲೇ, ಫ್ಲೈಟ್ ಹೊರಡ್ತೋ!” ಎಂದು ಯಾರೋ ಕೂಗಿದರು. “ಮಚ್ಚಾ, ಮೆಜೆಸ್ಟಿಕ್ ಕಾಣತ್ತೇನೋ ಅಲ್ಲಿಂದ?”

ಮಾವನೂ ನಗುತ್ತಿದ್ದರು. ನಾನು ಅವನ ಮುಖ ನೋಡಿದೆ. ಸ್ವಲ್ಪ ಹೊತ್ತಿಗೆ ಅವನು ಕಾಲು ಬಡಿಯುವುದನ್ನೂ ನಿಲ್ಲಿಸಿದ. ಬಾಯಿ ಅರ್ಧ ತೆರೆದಿತ್ತು. ಕೈ ಬಿಟ್ಟರೆ ಬೀಳುತ್ತಾನೆ ನಿಜ, ಆದರೆ ಆಳೆತ್ತರವಷ್ಟೇ. ಕಾಲು ಮಡಚಿ ಹಾರಿಕೊಳ್ಳಬಹುದು, ಇಲ್ಲವೇ ಮೂಕಿ ಹಿಡಿದು ಕೆಳಕ್ಕೆ ಜಾರಿಕೊಳ್ಳಬಹುದು. ಅವನು ಏನೂ ಮಾಡುತ್ತಿರಲಿಲ್ಲ. ಹಿಡಿದುಕೊಂಡು, ಎದುರಿನ ಗೋಡೆಯನ್ನು ಯಾರದೋ ಕಿಟಕಿಯಿಂದ ನೋಡುವವನ ಹಾಗೆ ನೋಡುತ್ತಿದ್ದ. ಆ ಮುಖವನ್ನು ನಾನು ಒಳಗಿನಿಂದ ಕಂಡಿದ್ದೆ, ಹೊರಗಿನಿಂದ ಹೇಗಿರುತ್ತದೆ ಎಂದು ಆವತ್ತೇ ನೋಡಿದ್ದು.

ಅದರ ಜೊತೆಗೇ ಇನ್ನೊಂದೂ ಹೊಳೆಯಿತು. ಪುಸ್ತಕದಲ್ಲಿ ಚಿತ್ರ ಬಿಡಿಸಿ ಕಲಿತದ್ದು ಇದೇ. ವಿಮಾನದೊಳಗೆ ಸರಕು ಹಿಂದಕ್ಕೆ ಜಾರಿದರೆ ಮೂತಿ ಮೇಲಕ್ಕೇಳುತ್ತದೆ, ಕಂಟ್ರೋಲನ್ನು ಎಷ್ಟು ಮುಂದಕ್ಕೆ ತಳ್ಳಿದರೂ ಕೇಳುವುದಿಲ್ಲ. ಅಲ್ಲಿ ಆಳೆತ್ತರವಲ್ಲ. ಪೆಟ್ಟಿಗೆಗಳಿಂದ ಭಯವಿಲ್ಲವೆಂದು ನಾನು ಆ ಕಡೆ ಓಡುತ್ತಿದ್ದೆ.

ಮೇಸ್ತ್ರಿ ಟವೆಲ್ ಬಿಸಾಡಿ ಓಡಿದ. “ಬಿಡ್ಬೇಡ, ಬಿಡ್ಬೇಡ, ಹಂಗೇ ಇರು!” ಎನ್ನುತ್ತಾ ಗಾಡಿಯ ಹಿಂದೆ ಹೋಗಿ ಒಂದೊಂದೇ ಪೆಟ್ಟಿಗೆಯನ್ನು ಇಳಿಸಿದ. ಮೂಕಿ ನಿಧಾನವಾಗಿ ಬಾಗಿ, ನೇತುಬಿದ್ದಿದ್ದವನ ಕಾಲು ನೆಲಕ್ಕೆ ತಾಗಿತು. ತಾಗಿದ ಮೇಲೂ ಕೈ ಬಿಡಲಿಲ್ಲ. ಮೇಸ್ತ್ರಿ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ನಾನು ಹತ್ತಿರ ಹೋಗಿ “ಹೆದರಿಕೆ ಆಯ್ತಾ?” ಎಂದು ಕೇಳಿದೆ. ಈ ಕತೆಯನ್ನು ಹೇಳುವಾಗ ಅವನ ಬಾಯಿಂದ ಒಂದು ಉತ್ತರ ಹೇಳಿಸುತ್ತಿದ್ದೆ. ಧೈರ್ಯದ ಬಗ್ಗೆ, ಕೂಲಿಯ ಬಗ್ಗೆ, ಕೇಳಿದವರೆಲ್ಲ ತಲೆದೂಗುವಂಥದ್ದು. ಅಷ್ಟು ಚೆನ್ನಾದ ಮಾತನ್ನು ಅವನು ಆಡಿರಲಾರ. ಅದನ್ನು ಇಲ್ಲಿ ತೆಗೆದುಹಾಕಿದ್ದೇನೆ. ನನಗೆ ಖಂಡಿತ ನೆನಪಿರುವುದು ಇಷ್ಟೇ: ಅವನು ನಾನು ಕೇಳಿದ್ದು ಕಿವಿಗೇ ಬೀಳದವನ ಹಾಗೆ ನೋಡಿ, ತನ್ನ ಚಪ್ಪಲಿ ಎಲ್ಲಿ ಎಂದು ಕೇಳಿದ.

ಮನೆಗೆ ನಡೆದೇ ಬಂದೆ. ಬಿನ್ನಿಪೇಟೆಯ ಕಡೆಯಿಂದ ಸುತ್ತಿಕೊಂಡು, ಬೇಕೆಂದೇ ತಡ ಮಾಡುತ್ತಾ. ಅಪ್ಪ ಮುಂಬಾಗಿಲ ಮೆಟ್ಟಿಲ ಮೇಲೆ ಕೂತು ಪೇಪರ್ ಓದುತ್ತಿದ್ದರು. ಅಮ್ಮ ಗುಡಿಗೆ ಹೋಗಿದ್ದಳು. ಪಕ್ಕದಲ್ಲಿ ಕೂತು ಹೇಳಿಬಿಟ್ಟೆ. ಐದನೆಯ ಲ್ಯಾಂಡಿಂಗ್, ನಿಂತುಹೋದ ಕೈ, ತರಬೇತುದಾರರ ಪೆಟ್ಟು, ಎಲ್ಲ.

ಅವರು ಪೇಪರ್ ಮಡಚಿದರು. ಸಮಾಧಾನ ಹೇಳುತ್ತಾರೆಂದುಕೊಂಡೆ.

“ಎಷ್ಟು ಸೆಕೆಂಡು?” ಎಂದರು.

“ಏನಪ್ಪ?”

“ಕೈ ಆಡ್ಲಿಲ್ಲ ಅಂದ್ಯಲ್ಲ. ಎಷ್ಟು ಸೆಕೆಂಡು?”

“ಗೊತ್ತಿಲ್ಲ. ಮೂರೋ, ನಾಲ್ಕೋ.”

ಅಪ್ಪ ಕೈಗಡಿಯಾರ ನೋಡುತ್ತಾ ಎಣಿಸಿದರು. ಜೋರಾಗಿ ಅಲ್ಲ, ತುಟಿ ಮಾತ್ರ ಆಡಿತು. ಒಂದು. ಎರಡು. ರಸ್ತೆಯಲ್ಲಿ ಒಂದು ಆಟೋ ನಮ್ಮ ಗೇಟಿನಿಂದ ಹೊರಟು ಮೂಲೆಯ ಅಂಗಡಿ ದಾಟಿತು. ಮೂರು. ನಾಲ್ಕು. ಅಷ್ಟು ಉದ್ದವಿರುತ್ತದೆಂದು ನನಗೂ ಗೊತ್ತಿರಲಿಲ್ಲ. ತಲೆ ಎತ್ತಿದಾಗ ಅವರ ಮುಖದ ಬಣ್ಣ ಬದಲಾಗಿತ್ತು.

“ಸಾಮಾನಿನ ಕೆಲಸ ಅದಕ್ಕೇನಾ?”

“ಹೂಂ. ಆದ್ರೆ ಅಲ್ಲೂ ಅದೇ ಅಪ್ಪ. ಎಲ್ಲಿ ಹೋದ್ರೂ ಅದೇ. ದಿನಕ್ಕೆ ಆರು ಸಲ ಇಳಿಸಿದ್ರೆ ಹೆದರಿಕೆ ಹೋಗತ್ತೇನೋ. ಸಣ್ಣ ಊರಿನ ಕಂಪನಿಗೇ ಹೂಂ ಅಂತೀನಿ. ಆದ್ರೆ ನೀವಿಬ್ರೂ ಹತ್ಬಾರ್ದು. ನಾನು ಓಡಿಸೋ ವಿಮಾನಕ್ಕೆ ಯಾವತ್ತೂ ಹತ್ಬಾರ್ದು.”

ಅವರು ನನ್ನನ್ನೇ ನೋಡಿದರು. ‘ಹುಚ್ಚಿ, ಹಾಗೆಲ್ಲ ಅನ್ಬಾರ್ದು’ ಎನ್ನಲಿ ಎಂದು ನಾನು ಕಾದೆ. ಬೇರೆಯವರ ಅಪ್ಪ ಅಮ್ಮಂದಿರು ಎಪ್ಪತ್ತು ಜನ ಹತ್ತಬಹುದೇ ಎಂದು ಅವರು ಕೇಳಬಹುದಿತ್ತು. ನಾನೂ ಆವತ್ತಿಂದ ಅದನ್ನು ಕೇಳಿಕೊಳ್ಳುತ್ತಲೇ ಇದ್ದೇನೆ.

“ಸರಿ. ಹತ್ತಲ್ಲ,” ಎಂದರು. ಆಮೇಲೆ, “ಅಮ್ಮಂಗೆ ಹೇಳ್ಬೇಡ.”

ಸೋಮವಾರ ಬೆಳಗ್ಗೆ ಫೋನ್ ಮಾಡಿ ಸಣ್ಣ ಊರುಗಳ ಕಂಪನಿಗೆ ಒಪ್ಪಿಗೆ ಹೇಳಿದೆ.

ಅಪ್ಪ ಮಾತು ಉಳಿಸಿಕೊಂಡರು. ಮೊದಲನೇ ದಿನ ಅವರಿಗೆ ಜ್ವರ ಎಂದಾಯಿತು. ಆಮೇಲೆ ಕಿವಿನೋವು, ಆಮೇಲೆ ರೈಲಿನಲ್ಲಿ ಓದಲು ಹಿತವಾಗುತ್ತದೆ ಎಂದಾಯಿತು. ಅಮ್ಮ ಅಕ್ಕಪಕ್ಕದವರ ಮುಂದೆ ಗೊಣಗಿದಳು: “ಮಗಳು ಪೈಲಟ್ಟು, ಇವರಿಗೆ ಮಾತ್ರ ಸ್ಲೀಪರ್ ಕ್ಲಾಸೇ ಸ್ವರ್ಗ.” ಅದು ನನಗಾಗಿ ಆಡುತ್ತಿದ್ದ ನಾಟಕವೆಂದು ಬಹಳ ದಿನ ನಂಬಿದ್ದೆ. ಒಂದು ಸಲ ಬೇರೆ ಯಾವುದೋ ಕಂಪನಿಯ ವಿಮಾನಕ್ಕೂ ಅವರು ಒಲ್ಲೆ ಎಂದಾಗ ಆ ನಂಬಿಕೆ ಹೋಯಿತು.

ನಾಲ್ಕು ವರ್ಷದ ನಂತರ ಹುಬ್ಬಳ್ಳಿಯಲ್ಲಿ ನೆಂಟರ ಮದುವೆ. ಅಪ್ಪ ಅಮ್ಮ ಬೆಳಗಿನ ರೈಲಿಗೆ ಹೊರಟರು. ನನ್ನ ಪಾಳಿಯೂ ಆ ದಿನ ಹುಬ್ಬಳ್ಳಿಗೇ ಇತ್ತು. ಇಳಿಸುವ ಸರದಿ ನನ್ನದು. ಗಾಳಿಯ ದಿಕ್ಕು, ರಭಸ ತೋರಿಸಲು ರನ್‌ವೇ ಪಕ್ಕದಲ್ಲಿ ಕಟ್ಟಿದ ಬಟ್ಟೆಯ ಗಾಳಿಚೀಲ ಕೋಲಿನ ಹಾಗೆ ನೆಟ್ಟಗೆ ಅಡ್ಡಕ್ಕೆ ನಿಂತಿತ್ತು. ಇಳಿಯುವಾಗ ನಾನು ಪ್ರತಿ ಸಲ ಮನಸ್ಸಿನಲ್ಲಿ ನಾಲ್ಕರವರೆಗೆ ಎಣಿಸುತ್ತೇನೆ. ಎಣಿಸುವಷ್ಟು ಹೊತ್ತೂ ಕೈ ಆಡುತ್ತಲೇ ಇರಬೇಕು. ಆವತ್ತೂ ಎಣಿಸಿದೆ. ಎರಡಕ್ಕೂ ಮೂರಕ್ಕೂ ನಡುವೆ ಏನಾಯಿತು, ಏನಾದರೂ ಆಯಿತೇ ಎಂದು ನನಗೆ ತಿಳಿಯದು. ಕ್ಯಾಪ್ಟನ್ ಒಮ್ಮೆ ನನ್ನ ಕಡೆ ತಿರುಗಿ, ಮತ್ತೆ ಮುಂದಕ್ಕೆ ನೋಡಿದರು. ಲಾಗ್‌ಬುಕ್ಕಿನಲ್ಲಿ ಹುಬ್ಬಳ್ಳಿ, ಲ್ಯಾಂಡಿಂಗ್ ಒಂದು ಎಂದಿದೆ.

ಪ್ರಯಾಣಿಕರೆಲ್ಲ ಇಳಿದ ಮೇಲೆ ಫೋನ್ ಮಾಡಿದೆ. ಮೊದಲ ರಿಂಗಿಗೇ ಅಪ್ಪ ಎತ್ತಿದರು. ಹಿಂದೆ ರೈಲಿನ ಸದ್ದು, ಯಾರೋ ವಡೆ ಮಾರುವ ಕೂಗು.

“ಇಳಿದ್ಯಾ?”

“ಇಳಿದೆ. ನೀವೆಲ್ಲಿದೀರ?”

“ದಾವಣಗೆರೆ ದಾಟ್ತು.” ಆಮೇಲೆ, “ಗಾಳಿ ಎಷ್ಟಿತ್ತು?”

ಕಿಟಕಿಯಾಚೆ ಗಾಳಿಚೀಲ ಹಾಗೇ ನಿಂತಿತ್ತು.

“ಇರ್ಲಿಲ್ಲಪ್ಪ,” ಎಂದೆ. “ಎಲೆ ಕೂಡ ಅಲ್ಲಾಡ್ತಿರ್ಲಿಲ್ಲ.”